ಬರ್ನ್–ಈನೋ ಜೋಡಿಯ ‘ಮೈ ಲೈಫ್ ಇನ್ ದಿ ಬುಷ್ ಆಫ್ ಘೋಸ್ಟ್ಸ್’: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಆಲ್ಬಮ್? ಯಾರದು?

1981ರ ಫೆಬ್ರುವರಿಯಲ್ಲಿ ಹೊರಬಂದ, ಹನ್ನೊಂದು ತುಣುಕುಗಳಿರುವ ಎಲ್‌ಪಿ, ಅಂದರೆ ಗ್ರಾಮಫೋನ್ ತಟ್ಟೆ. ನ್ಯೂಯಾರ್ಕಿನ ‘ಟಾಕಿಂಗ್ ಹೆಡ್ಸ್’ ಎಂಬ ರಾಕ್ ತಂಡದ ಗಾಯಕ ಡೇವಿಡ್ ಬರ್ನ್ ಮತ್ತು ಆ ತಂಡದ ಆಲ್ಬಮ್‌ಗಳಿಗೆ ಪ್ರೊಡ್ಯೂಸರ್ ಆಗಿದ್ದ ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋ ಸೇರಿ ಮಾಡಿದ್ದು. ಅಮೆರಿಕದಲ್ಲಿ ಸೈರ್, ಬ್ರಿಟನ್ನಿನಲ್ಲಿ ಇ.ಜಿ. ಕಂಪನಿ ಇದನ್ನು ಬಿಡುಗಡೆ ಮಾಡಿದವು. ಬ್ರಿಟನ್ನಿನ ಪಟ್ಟಿಯಲ್ಲಿ 29ನೆಯ ಸ್ಥಾನಕ್ಕೂ ಅಮೆರಿಕದಲ್ಲಿ 44ನೆಯ ಸ್ಥಾನಕ್ಕೂ ಏರಿತು. ಪಲ್ಲವಿ, ಚರಣ ಯಾವುದೂ ಇಲ್ಲದ, ಅರ್ಧ ಪಾಲು ರೇಡಿಯೋ ಭಾಷಣವೇ ತುಂಬಿರುವ ಒಂದು ತಟ್ಟೆ ಅಷ್ಟು ದೂರ ಹೋದದ್ದೇ ಸೋಜಿಗ.

ಈನೋ ಹೆಸರು ಕೇಳಿಲ್ಲ ಎನ್ನುವವರೂ ಅವರ ಸಂಗೀತವನ್ನು ಕೇಳಿರುತ್ತಾರೆ. ವಿಂಡೋಸ್ 95 ಇದ್ದ ಕಂಪ್ಯೂಟರ್ ಚಾಲೂ ಆದಾಗ ತೇಲಿ ಬರುತ್ತಿದ್ದ ಆ ಕೆಲವೇ ಕ್ಷಣಗಳ ನಾದ ಅವರದ್ದೇ.

ಈನೋ ಪ್ರೊಡ್ಯೂಸರ್ ಎಂದರೆ, ಹಣ ಹಾಕಿದವರೇ?

ಅಲ್ಲ. ಹಣ ಕಂಪನಿಯದು. ರೆಕಾರ್ಡಿಂಗ್‌ನಲ್ಲಿ ಪ್ರೊಡ್ಯೂಸರ್ ಎಂದರೆ ಸ್ಟುಡಿಯೋದಲ್ಲಿ ಕುಳಿತು ಯಾವ ದನಿ ಎಲ್ಲಿ ಬರಬೇಕು, ಯಾವುದು ಉಳಿಯಬೇಕು, ಯಾವುದನ್ನು ಅಳಿಸಬೇಕು ಎಂದು ತೀರ್ಮಾನಿಸುವವರು. ಈನೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಸ್ಟುಡಿಯೋವೇ ತಮ್ಮ ವಾದ್ಯ ಎಂದು ನಂಬಿದ ಮನುಷ್ಯ ಅವರು. 1971ರಿಂದ 73ರವರೆಗೆ ‘ರಾಕ್ಸಿ ಮ್ಯೂಸಿಕ್’ ತಂಡದಲ್ಲಿದ್ದು, ಆಮೇಲೆ ರಾಕ್ ಗಾಯಕ ಡೇವಿಡ್ ಬೋವಿಯ ಜೊತೆ ‘ಲೋ’, ‘ಹೀರೋಸ್’, ‘ಲಾಡ್ಜರ್’ ಆಲ್ಬಮ್‌ಗಳಲ್ಲಿ ಕೈಜೋಡಿಸಿದರು. 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದೇ ಸಂಗೀತ ಮಾಡಿ ಹಿನ್ನೆಲೆಯಲ್ಲಿ ಮೆಲ್ಲಗೆ ತೇಲುವ ‘ಆಂಬಿಯೆಂಟ್’ ಎಂಬ ಇಡೀ ಪ್ರಕಾರಕ್ಕೆ ಹೆಸರು ಕೊಟ್ಟರು. ಅದೇ ವರ್ಷ ಟಾಕಿಂಗ್ ಹೆಡ್ಸ್ ತಂಡದ ಎರಡನೆಯ ಆಲ್ಬಮ್‌ಗೆ ಪ್ರೊಡ್ಯೂಸರ್ ಆಗಿ ಬಂದರು, 1979ರಲ್ಲಿ ಮೂರನೆಯದಕ್ಕೂ ಅವರೇ. ಅಷ್ಟರಲ್ಲಿ ಬರ್ನ್ ಮತ್ತು ಈನೋ ಗಳಸ್ಯ ಕಂಠಸ್ಯ ಆಗಿದ್ದರು.

ಬರ್ನ್ ಗಾಯಕರಲ್ಲವೇ? ಇದರಲ್ಲಿ ಅವರ ದನಿ ಎಲ್ಲಿದೆ?

ಇಲ್ಲ. ಆಲ್ಬಮ್‌ನ ತಿರುಳೇ ಅದು. ಹೆಸರಾಂತ ಗಾಯಕ, ಅದರಲ್ಲೂ ಗಂಟಲು ಬಿಗಿಹಿಡಿದು ಬೆಚ್ಚಿಬಿದ್ದವನಂತೆ ಹಾಡುವ ಶೈಲಿಗೇ ಹೆಸರಾದವರು, ಮುಖ್ಯ ಗಾಯನವನ್ನೇ ಬಿಟ್ಟುಕೊಟ್ಟರು. ಆ ಜಾಗಕ್ಕೆ ಬಂದವರು ರೇಡಿಯೋದಲ್ಲಿ ಕೂಗಾಡುವ ನಿರೂಪಕರು, ಬೋಧಕರು, ದೆವ್ವ ಬಿಡಿಸುವವನೊಬ್ಬ, ಲೆಬನಾನಿನ ಬೆಟ್ಟಸೀಮೆಯ ಹೆಣ್ಣುಮಗಳೊಬ್ಬಳು. ಬರ್ನ್ ಮತ್ತು ಈನೋ ಗಿಟಾರ್, ಬಾಸ್, ಸಿಂಥಸೈಜರ್, ತಾಳವಾದ್ಯ ನುಡಿಸುತ್ತಾರೆ. ಹಾಡುವವರೆಲ್ಲ ಪರರು. ಆ ಪರರಲ್ಲಿ ಹೆಚ್ಚಿನವರಿಗೆ ತಾವು ಹಾಡುತ್ತಿದ್ದೇವೆಂದು ತಿಳಿದೇ ಇರಲಿಲ್ಲ.

ಇಂಥ ಯೋಚನೆ ಹೊಳೆದದ್ದು ಹೇಗೆ?

ಮೊದಲು ಮೂವರಿದ್ದರು. ಕಹಳೆ ವಾದಕ ಜಾನ್ ಹ್ಯಾಸೆಲ್, ಬರ್ನ್ ಮತ್ತು ಈನೋ 1979ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಪರಸ್ಪರ ರೆಕಾರ್ಡ್‌ಗಳನ್ನು ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಫ್ರಾನ್ಸಿನ ಒಕೋರಾ ಕಂಪನಿ ಹೊರತರುತ್ತಿದ್ದ ಆಫ್ರಿಕಾ, ಏಷ್ಯಾದ ಜನಪದ ಧ್ವನಿಮುದ್ರಣಗಳು ಅವರ ನಡುವೆ ಓಡಾಡುತ್ತಿದ್ದವು. ಆ ಹೊದಿಕೆಗಳ ಮೇಲೆ ಯಾವ ಬುಡಕಟ್ಟು, ಯಾವ ವಾದ್ಯ, ಯಾವ ಆಚರಣೆ ಎಂದು ವಿದ್ವಾಂಸರ ಟಿಪ್ಪಣಿ ಇರುತ್ತಿತ್ತು. ಎಲ್ಲೂ ಇಲ್ಲದ ಒಂದು ನಾಡನ್ನು ಕಲ್ಪಿಸಿಕೊಂಡು, ಅಲ್ಲಿನ ಜನಪದ ಸಂಗೀತವೆಂದು ಹೇಳಿ, ಸುಳ್ಳು ಟಿಪ್ಪಣಿಗಳ ಸಮೇತ ಇಂಥದ್ದೇ ಒಂದು ರೆಕಾರ್ಡ್ ನಾವೇ ಯಾಕೆ ಮಾಡಬಾರದು ಎಂಬ ಯೋಚನೆ ಮೂವರಿಗೂ ಬಂತು. ಮರುಭೂಮಿಗೆ ಹೋಗಿ ಕೂತು ಮಾಡುವ ಮಾತೂ ಆಗಿತ್ತು.

ಅದು ನಡೆಯಲಿಲ್ಲ. ಬರ್ನ್ ಮತ್ತು ಈನೋ ತಾವಿಬ್ಬರೇ ಕೆಲಸ ಶುರು ಮಾಡಿದರು. ಹೊರಬಂದದ್ದನ್ನು ಕೇಳಿದಾಗ ಹ್ಯಾಸೆಲ್‌ಗೆ ಬೇಸರವಾಯಿತು. ಪೂರ್ವ–ಪಶ್ಚಿಮಗಳನ್ನು ಬೆಸೆಯುವ ತಮ್ಮ ‘ನಾಲ್ಕನೆಯ ಲೋಕ’ದ ಕಲ್ಪನೆಯನ್ನು ಎತ್ತಿಕೊಂಡು ಹೋದರೆಂಬ ಅಸಮಾಧಾನ ಅವರಿಗಿತ್ತು. ಆ ಕಲ್ಪನೆಯ ಮೇಲೆ ಹ್ಯಾಸೆಲ್ ಮತ್ತು ಈನೋ ಸೇರಿ ಮಾಡಿದ ‘ಪಾಸಿಬಲ್ ಮ್ಯೂಸಿಕ್ಸ್’ 1980ರಲ್ಲಿ ಬಂದಿದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದವರಿಗೆ ಹ್ಯಾಸೆಲ್ ಸಿಟ್ಟಿನಲ್ಲಿ ಹುರುಳಿದೆ ಎನ್ನಿಸದಿರದು. ಆದರೆ ಹ್ಯಾಸೆಲ್ ಸಂಗೀತ ಮಂಜಿನಂತೆ ಹರಡುತ್ತದೆ, ಈ ಆಲ್ಬಮ್ ಸೊಂಟ ಹಿಡಿದು ಕುಣಿಸುತ್ತದೆ. ಬೀಜ ಒಂದೇ ಇರಬಹುದು, ಬೆಳೆ ಬೇರೆ.

ಹೆಸರಿನಲ್ಲಿರುವ ದೆವ್ವಗಳ ಕಾಡು ಯಾವುದು?

ನೈಜೀರಿಯಾದ ಯೊರುಬಾ ಲೇಖಕ ಅಮೋಸ್ ಟುಟುವೋಲಾ 1954ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರು ಅದು. ಗುಲಾಮರನ್ನು ಹಿಡಿಯುವವರಿಂದ ತಪ್ಪಿಸಿಕೊಂಡ ಹುಡುಗನೊಬ್ಬ ದೆವ್ವಗಳ ಕಾಡಿಗೆ ಹೊಕ್ಕು ಅಲ್ಲೇ ವರ್ಷಗಟ್ಟಲೆ ಅಲೆಯುವ ಕಥೆ. ಸ್ವಾರಸ್ಯವೆಂದರೆ, ಆಲ್ಬಮ್‌ಗೆ ಹೆಸರಿಡುವಾಗ ಇಬ್ಬರೂ ಕಾದಂಬರಿಯನ್ನು ಓದಿರಲಿಲ್ಲ. ಹೆಸರು ಹಿಡಿಸಿತು, ಇಟ್ಟರು. ಬರ್ನ್ ಇದನ್ನು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ದನಿ ಉಂಟು, ದೇಹ ಇಲ್ಲ ಎಂಬಂತಿರುವ ಈ ತಟ್ಟೆಗೆ ಆ ಹೆಸರು ಒಪ್ಪುತ್ತದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೂ ಪುಸ್ತಕ ಬಿಡಿಸಿಯೂ ನೋಡದೆ ಹೆಸರು ಎತ್ತಿಕೊಂಡ ಆ ಸಲೀಸುತನ ಇಡೀ ಆಲ್ಬಮ್‌ನ ಸ್ವಭಾವವೂ ಹೌದು. ಅದರ ಮಾತು ಕೆಳಗಿದೆ.

ಕಂಪ್ಯೂಟರ್ ಇಲ್ಲದೆ ದನಿಗಳನ್ನು ತಾಳಕ್ಕೆ ಕೂಡಿಸಿದ್ದು ಹೇಗೆ?

ಇಂದು ಮೊಬೈಲ್‌ನಲ್ಲೇ ಯಾರದೋ ಮಾತನ್ನು ಕತ್ತರಿಸಿ, ಹಿಗ್ಗಿಸಿ, ತಾಳಕ್ಕೆ ಅಂಟಿಸಬಹುದು. 1979ರಲ್ಲಿ ಫೇರ್‌ಲೈಟ್ ಎಂಬ ಡಿಜಿಟಲ್ ಸ್ಯಾಂಪ್ಲರ್, ಅಂದರೆ ದನಿಯ ತುಣುಕನ್ನು ಹಿಡಿದಿಟ್ಟು ಬೇಕಾದಂತೆ ನುಡಿಸುವ ಯಂತ್ರ, ಆಗಷ್ಟೇ ಮಾರುಕಟ್ಟೆಗೆ ಬಂದಿತ್ತು. ಇವರು ಅದನ್ನು ಬಳಸಿಲ್ಲ. ಇವರ ಬಳಿ ಇದ್ದದ್ದು ಟೇಪ್.

ಕೆಲಸದ ಕ್ರಮ ಹೀಗಿತ್ತು. ಮೊದಲು ತಾಳ ಮತ್ತು ಗಿಟಾರ್‌ಗಳ ಪದರಗಳನ್ನು ಬಹುಟ್ರ್ಯಾಕ್ ಟೇಪಿನ ಮೇಲೆ ಕಟ್ಟುವುದು. ರೇಡಿಯೋದಿಂದ ಹಿಡಿದ ಮಾತನ್ನೋ ಹಳೆಯ ರೆಕಾರ್ಡಿನ ಹಾಡನ್ನೋ ಇನ್ನೊಂದು ಟೇಪಿಗೆ ಇಳಿಸಿಕೊಳ್ಳುವುದು. ಆಮೇಲೆ ಎರಡು ಯಂತ್ರಗಳನ್ನು ಒಟ್ಟಿಗೆ ಓಡಿಸುವುದು. ಒಂದರಲ್ಲಿ ವಾದ್ಯ, ಇನ್ನೊಂದರಲ್ಲಿ ದನಿ. ಎರಡಕ್ಕೂ ನಡುವೆ ಯಾವ ತಂತಿಯೂ ಇಲ್ಲ, ಒಂದರ ವೇಗ ಇನ್ನೊಂದಕ್ಕೆ ಗೊತ್ತಿಲ್ಲ. ಗುಂಡಿ ಒತ್ತಿದ ಕ್ಷಣ ಸರಿಯಾಗಿದ್ದರೆ ಬೋಧಕನ ಕೂಗು ತಾಳದ ಪೆಟ್ಟಿನ ಮೇಲೆ ಬಂದು ಬೀಳುತ್ತದೆ. ಅರೆಕ್ಷಣ ಹೆಚ್ಚು ಕಡಿಮೆಯಾದರೆ ಪೂರ್ತಿ ಕೆಟ್ಟಿತು, ಟೇಪ್ ಹಿಂದಕ್ಕೆ ಸುತ್ತಿ ಮತ್ತೆ ಮೊದಲಿನಿಂದ. ದೇವರ ದಯೆಯಿದ್ದರೆ ಕೂಡುತ್ತಿತ್ತು ಎಂಬರ್ಥದಲ್ಲಿ ಬರ್ನ್ ಬರೆದಿದ್ದಾರೆ. ಕೂಡಿದ್ದಷ್ಟೇ ಉಳಿಯಿತು.

ಇದನ್ನು ತಿಳಿದು ‘ಹೆಲ್ಪ್ ಮಿ ಸಮ್‌ಬಡಿ’ ಕೇಳಿ ನೋಡಿ. ನ್ಯೂ ಆರ್ಲಿಯನ್ಸ್‌ನ ಪಾದ್ರಿ ಪಾಲ್ ಮಾರ್ಟನ್ 1980ರ ಜೂನ್‌ನಲ್ಲಿ ರೇಡಿಯೋದಲ್ಲಿ ಮಾಡಿದ ಪ್ರವಚನ ಅದು. ಮಾತು ಮೆಲ್ಲಗೆ ಏರುತ್ತದೆ, ಒಂದೊಂದು ವಾಕ್ಯದ ಕೊನೆಗೂ ಉಸಿರು ಕಿತ್ತುಕೊಂಡು ಬರುತ್ತದೆ. ಹರಿಕಥೆ ದಾಸರ ಮಾತು ಯಾವ ಘಳಿಗೆಯಲ್ಲಿ ಹಾಡಾಯಿತು ಎಂದು ಗೊತ್ತಾಗದ ಹಾಗೆ ಇಲ್ಲೂ ಭಾಷಣ ಎಲ್ಲಿ ಮುಗಿದು ರಾಗ ಎಲ್ಲಿ ಹಿಡಿಯಿತು ಎಂದು ಗೆರೆ ಎಳೆಯಲಾಗದು. ಅವರು ಉಸಿರೆಳೆದುಕೊಳ್ಳುವ ಬಿಡುವಿಗೆ ಸರಿಯಾಗಿ ಗಿಟಾರ್ ಕೆರೆದು ಉತ್ತರ ಕೊಡುತ್ತದೆ. ಪಾದ್ರಿಯೇ ಸ್ಟುಡಿಯೋಗೆ ಬಂದು ತಂಡದ ಎದುರು ನಿಂತು ಹಾಡಿದರು ಎಂದರೂ ನಂಬಬಹುದು. ಅವರಿಗೂ ಈ ವಾದ್ಯಗಳಿಗೂ ಮುಖಪರಿಚಯವೇ ಇಲ್ಲ.

ತಾಳದ ಮಾತೂ ಇದೆ. ಡ್ರಮ್ ಇಲ್ಲದ ಕಡೆ ರಟ್ಟಿನ ಪೆಟ್ಟಿಗೆ, ಬಿಸ್ಕತ್ತಿನ ಡಬ್ಬಿಗಳನ್ನು ಬಡಿದು ಕೆಲಸ ಸಾಗಿಸಿದ್ದಾರೆ. ಇವುಗಳ ಜೊತೆಗೆ ನಿಜವಾದ ವಾದಕರೂ ಇದ್ದಾರೆ: ಟಾಕಿಂಗ್ ಹೆಡ್ಸ್‌ನ ಡ್ರಮ್ ವಾದಕ ಕ್ರಿಸ್ ಫ್ರಾಂಟ್ಸ್, ಬಾಸ್‌ನಲ್ಲಿ ಬಸ್ಟಾ ಜೋನ್ಸ್ ಮತ್ತು ಬಿಲ್ ಲಾಸ್‌ವೆಲ್, ತಾಳವಾದ್ಯದಲ್ಲಿ ಡೇವಿಡ್ ವ್ಯಾನ್ ಟೀಗಮ್. ಘಾನಾದ ತಾಳಪದ್ಧತಿಯ ಮೇಲೆ ಜಾನ್ ಮಿಲ್ಲರ್ ಚೆರ್ನಾಫ್ 1979ರಲ್ಲಿ ಪ್ರಕಟಿಸಿದ ಅಧ್ಯಯನವೂ ಆ ದಿನಗಳಲ್ಲಿ ಇವರ ಕೈಯಲ್ಲಿತ್ತು. ಒಬ್ಬನೇ ಎಲ್ಲವನ್ನೂ ನುಡಿಸದೆ, ಹತ್ತು ಸಣ್ಣ ತಾಳಗಳು ಒಂದರೊಳಗೊಂದು ಹಲ್ಲು ಕಚ್ಚಿಕೊಂಡು ದೊಡ್ಡದೊಂದು ತಾಳವಾಗುವ ಬಗೆ ಅಲ್ಲಿಂದ ಕಲಿತದ್ದು.

ದನಿಗಳು ಯಾರು ಯಾರವು?

ಮೊದಲ ತುಣುಕು ‘ಅಮೆರಿಕ ಈಸ್ ವೇಟಿಂಗ್’. ಸ್ಯಾನ್ ಫ್ರಾನ್ಸಿಸ್ಕೋದ ಕೆಜಿಓ ಕೇಂದ್ರದ ನಿರೂಪಕ ರೇ ಟಾಲಿಯಾಫೆರೋ 1980ರ ಏಪ್ರಿಲ್‌ನಲ್ಲಿ ಸಿಟ್ಟಿಗೆದ್ದು ಆಡಿದ ಮಾತು. ಟೆಹರಾನಿನಲ್ಲಿ ಅಮೆರಿಕದ ರಾಜತಾಂತ್ರಿಕರು ಒತ್ತೆಯಾಳಾಗಿ ತಿಂಗಳುಗಳು ಕಳೆದಿದ್ದ ಹೊತ್ತು ಅದು, ಇಡೀ ದೇಶವೇ ಕುದಿಯುತ್ತಿತ್ತು. ‘ಮೀಯಾ ಕಲ್ಪಾ’ದಲ್ಲಿ ನ್ಯೂಯಾರ್ಕಿನ ಫೋನ್–ಇನ್ ಕಾರ್ಯಕ್ರಮಕ್ಕೆ ಕರೆ ಮಾಡಿದ ಸಿಡಿಮಿಡಿಯ ಕೇಳುಗನೊಬ್ಬ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಉತ್ತರಿಸುವ ರಾಜಕಾರಣಿಯೊಬ್ಬ. ಇಬ್ಬರೂ ಯಾರೆಂದು ಹೊದಿಕೆಯಲ್ಲಿ ಹೆಸರಿಲ್ಲ. ‘ಕಮ್ ವಿತ್ ಅಸ್’ನ ಬೋಧಕನೂ ಅನಾಮಿಕ.

‘ರೆಜಿಮೆಂಟ್’ ಮತ್ತು ‘ದಿ ಕ್ಯಾರಿಯರ್’ನಲ್ಲಿ ಕೇಳುವುದು ದುನ್ಯಾ ಯೂನಿಸ್. ಹೊದಿಕೆ ಆಕೆಯ ಬಗ್ಗೆ ಹೇಳುವುದು ಲೆಬನಾನಿನ ಬೆಟ್ಟದ ಗಾಯಕಿ ಎಂದಷ್ಟೇ. ಜೀನ್ ಜೆಂಕಿನ್ಸ್ ಮತ್ತು ಪೌಲ್ ರೋವ್ಸಿಂಗ್ ಓಲ್ಸನ್ ಸಂಪಾದಿಸಿ, ಟ್ಯಾಂಜೆಂಟ್ ಕಂಪನಿ 1976ರಲ್ಲಿ ಹೊರತಂದ ‘ಇಸ್ಲಾಂ ಜಗತ್ತಿನ ಸಂಗೀತ’ ಮಾಲಿಕೆಯ ಎಲ್‌ಪಿಯೊಂದರಿಂದ ಆ ದನಿಯನ್ನು ತೆಗೆದುಕೊಂಡಿದ್ದಾರೆ. ‘ಎ ಸೀಕ್ರೆಟ್ ಲೈಫ್’ನಲ್ಲಿ ಸಮೀರಾ ತೌಫೀಕ್. ‘ಮೂನ್‌ಲೈಟ್ ಇನ್ ಗ್ಲೋರಿ’ಯಲ್ಲಿ ಅಮೆರಿಕದ ಸೀ ಐಲೆಂಡ್ಸ್ ದ್ವೀಪಗಳ ‘ಮೂವಿಂಗ್ ಸ್ಟಾರ್ ಹಾಲ್’ ಎಂಬ ಪ್ರಾರ್ಥನಾಮಂದಿರದ ಆಫ್ರಿಕನ್ ಅಮೆರಿಕನ್ ಗಾಯಕರು. ಫೋಕ್‌ವೇಸ್ ಕಂಪನಿಗಾಗಿ ಗೈ ಕ್ಯಾರವನ್ ಮುದ್ರಿಸಿಕೊಂಡ ಹಾಡು ಅದು.

ಇಲ್ಲಿ ಒಂದು ಕಿರಿಕಿರಿಯನ್ನು ಹೇಳಲೇಬೇಕು. ಸಮೀರಾ ತೌಫೀಕ್ ಈಜಿಪ್ಟಿನ ಗಾಯಕಿ ಎಂದು ಹೊದಿಕೆಯಲ್ಲಿದೆ. ಆಕೆ ಲೆಬನಾನಿನವರು, ಜೋರ್ಡಾನಿನ ಬೆದೂಯಿನ್ ಶೈಲಿಯ ಹಾಡುಗಳಿಂದ ಅರಬ್ ಜಗತ್ತಿನಲ್ಲೆಲ್ಲ ಮನೆಮಾತಾದವರು. ಮೂವಿಂಗ್ ಸ್ಟಾರ್ ಹಾಲ್ ಜಾರ್ಜಿಯಾದ್ದು ಎಂದಿದೆ. ಅದು ಇರುವುದು ಸೌತ್ ಕೆರೊಲಿನಾದ ಜಾನ್ಸ್ ಐಲೆಂಡ್‌ನಲ್ಲಿ. ದನಿಯನ್ನು ಅಷ್ಟು ಸೂಕ್ಷ್ಮವಾಗಿ ಆಲಿಸಿದವರು ಊರು ಯಾವುದೆಂದು ನೋಡುವಷ್ಟು ಪುರುಸೊತ್ತು ಮಾಡಿಕೊಳ್ಳಲಿಲ್ಲ.

ಕೊನೆಯ ‘ಮೌಂಟನ್ ಆಫ್ ನೀಡಲ್ಸ್’ ದನಿಯೇ ಇಲ್ಲದ ವಾದ್ಯಸಂಗೀತ.

‘ದಿ ಜೆಜೆಬೆಲ್ ಸ್ಪಿರಿಟ್’ನಲ್ಲಿರುವುದು ನಿಜವಾದ ದೆವ್ವ ಬಿಡಿಸುವ ದೃಶ್ಯವೇ?

ಹೌದು, ರೇಡಿಯೋದಲ್ಲಿ ಪ್ರಸಾರವಾದದ್ದು. ನ್ಯೂಯಾರ್ಕ್, 1980ರ ಸೆಪ್ಟೆಂಬರ್. ಬಿಡಿಸುವವನ ಹೆಸರು ಗೊತ್ತಿಲ್ಲ. ಹೆಂಗಸೊಬ್ಬಳನ್ನು ಎದುರಿಗೆ ಕೂರಿಸಿಕೊಂಡು, ದನಿಗಳು ಕೇಳಿಸುತ್ತವೆಯೇ ಎಂದು ವಿಚಾರಿಸುತ್ತಾನೆ, ಆಮೇಲೆ ಅವಳೊಳಗಿನ ‘ಜೆಜೆಬೆಲ್’ಗೆ (ಬೈಬಲಿನ ದುಷ್ಟ ರಾಣಿಯ ಹೆಸರು ಅದು) ಹೊರಡು ಎಂದು ಅಪ್ಪಣೆ ಕೊಡುತ್ತಾನೆ. ಹಿಂದೆ ತಾಳ ಓಡುತ್ತಲೇ ಇರುತ್ತದೆ. ಅವನ ನಗು, ಅವಳ ಏದುಸಿರು, ಎರಡರ ನಡುವೆ ಕಾಲು ತಾನಾಗಿ ಕುಣಿಯತೊಡಗಿದಾಗ ಕೇಳುವವರಿಗೆ ನಾಚಿಕೆಯಾಗುತ್ತದೆ. ಆಲ್ಬಮ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ತುಣುಕು ನನ್ನ ಮಟ್ಟಿಗೆ ಇದೇ. ಮೋಜು ಮತ್ತು ಅಪರಾಧಭಾವ ಇಷ್ಟು ಹತ್ತಿರ ಬಂದು ನಿಲ್ಲುವುದು ಅಪರೂಪ.

ಈ ಜಾಗದಲ್ಲಿ ಮೊದಲು ಇದ್ದದ್ದು ಬೇರೆ ದನಿ. ಅಮೆರಿಕದ ಪ್ರಸಿದ್ಧ ಬೋಧಕಿ, ಪ್ರಾರ್ಥನೆಯಿಂದಲೇ ರೋಗ ವಾಸಿಮಾಡುತ್ತೇನೆ ಎನ್ನುತ್ತಿದ್ದ ಕ್ಯಾಥ್ರಿನ್ ಕುಲ್ಮನ್ 1976ರಲ್ಲಿ ತೀರಿಕೊಂಡಿದ್ದರು. ಅವರ ಪ್ರವಚನವನ್ನಿಟ್ಟು ‘ಇನ್‌ಟು ದಿ ಸ್ಪಿರಿಟ್ ವೂಂಬ್’ ಎಂಬ ಹೆಸರಿನಲ್ಲಿ ತುಣುಕು ಸಿದ್ಧವಾಗಿತ್ತು. ಅವರ ವಾರಸುದಾರರು ಒಪ್ಪಲಿಲ್ಲ. ದನಿಯನ್ನು ಕಿತ್ತು, ತುಣುಕನ್ನು ಮತ್ತೆ ಕಟ್ಟಬೇಕಾಯಿತು. ಹಕ್ಕುಗಳ ಈ ತಾಪತ್ರಯದಿಂದಾಗಿಯೇ ಆಲ್ಬಮ್ ತಡವಾಯಿತು.

ಕುರ್‌ಆನ್ ಪಠಣವಿದ್ದ ತುಣುಕು ಏನಾಯಿತು?

ಮೊದಲ ಎಲ್‌ಪಿಯ ಎರಡನೆಯ ಬದಿ ಶುರುವಾಗುತ್ತಿದ್ದದ್ದೇ ‘ಕುರ್‌ಆನ್’ ಎಂಬ ತುಣುಕಿನಿಂದ. ಅಲ್ಜೀರಿಯಾದ ಮುಸ್ಲಿಮರ ಪಠಣಕ್ಕೆ ತಾಳ ಕೂಡಿಸಿದ್ದರು. ಪವಿತ್ರ ಗ್ರಂಥದ ಪಠಣಕ್ಕೆ ಕುಣಿತದ ತಾಳ ಹಾಕುವುದು ಧರ್ಮನಿಂದೆ ಎಂದು ಬ್ರಿಟನ್ನಿನ ಇಸ್ಲಾಮಿಕ್ ಸಂಘಟನೆಯೊಂದು ಪತ್ರ ಬರೆಯಿತು. ಬರ್ನ್ ಮತ್ತು ಈನೋ ವಾದಕ್ಕಿಳಿಯದೆ ಒಪ್ಪಿಕೊಂಡರು. ಮುಂದಿನ ಮುದ್ರಣಗಳಲ್ಲಿ ಅದರ ಜಾಗಕ್ಕೆ ‘ವೆರಿ, ವೆರಿ ಹಂಗ್ರಿ’ ಬಂತು. 2006ರ ಮರುಮುದ್ರಣದಲ್ಲೂ ‘ಕುರ್‌ಆನ್’ ಇಲ್ಲ.

ಇದನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಸೋಲು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಯಾರೂ ನಿಷೇಧ ಹೇರಲಿಲ್ಲ. ಕೇಳಿದರು, ಇವರು ತೆಗೆದರು. ಬೇರೆಯವರ ದನಿಯನ್ನು ಕೇಳದೆ ತೆಗೆದುಕೊಂಡವರು, ಬೇಡ ಎಂದಾಗ ಹಿಂದಿರುಗಿಸಿದ್ದು ಕನಿಷ್ಠ ಮರ್ಯಾದೆ.

ಹಾಗಾದರೆ ಇದು ಕಳ್ಳತನವಲ್ಲವೇ?

ಆಲ್ಬಮ್ ಬಂದ ದಿನದಿಂದ ಈ ಪ್ರಶ್ನೆ ಇದೆ. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶೆಯಲ್ಲಿ ಜಾನ್ ಪರೇಲ್ಸ್ ಟೇಪ್ ಸಂಕಲನದ ಚಾಕಚಕ್ಯತೆಯನ್ನು ಮೆಚ್ಚಿದರು, ಜೊತೆಗೇ ಸಾಂಸ್ಕೃತಿಕ ಸಾಮ್ರಾಜ್ಯಶಾಹಿಯ ಪ್ರಶ್ನೆಯನ್ನೂ ಎತ್ತಿದರು.

ಕಾನೂನಿನ ಮಟ್ಟಿಗೆ ಹೇಳುವುದಾದರೆ, 1980ರಲ್ಲಿ ಸ್ಯಾಂಪ್ಲಿಂಗ್‌ಗೆ, ಅಂದರೆ ಮುದ್ರಿತ ದನಿಯ ತುಣುಕನ್ನು ಎತ್ತಿ ಬಳಸುವುದಕ್ಕೆ, ನೆಲೆಗೊಂಡ ನಿಯಮಗಳೇ ಇರಲಿಲ್ಲ. ಒಪ್ಪಿಗೆಯಿಲ್ಲದೆ ಬೇರೆಯವರ ಹಾಡಿನ ತುಣುಕು ಬಳಸಿದ್ದಕ್ಕೆ ರ್‍ಯಾಪ್ ಗಾಯಕ ಬಿಜ್ ಮಾರ್ಕಿ ವಿರುದ್ಧ ನ್ಯೂಯಾರ್ಕಿನ ನ್ಯಾಯಾಲಯ ತೀರ್ಪು ಕೊಟ್ಟದ್ದು 1991ರಲ್ಲಿ. ಅಲ್ಲಿಂದಾಚೆಗೆ ಕಂಪನಿಗಳು ಬಿಗಿಯಾದವು. ಬರ್ನ್ ಮತ್ತು ಈನೋ ಅದಕ್ಕೆ ಹತ್ತು ವರ್ಷ ಮೊದಲೇ ಕೆಲವರ ಅನುಮತಿ ಕೇಳಿದ್ದರು ಎಂಬುದಕ್ಕೆ ಕುಲ್ಮನ್ ಪ್ರಸಂಗವೇ ಸಾಕ್ಷಿ. ಅಷ್ಟರ ಮಟ್ಟಿಗೆ ಅವರು ಕಾಲಕ್ಕಿಂತ ಮುಂದಿದ್ದರು.

ಆದರೆ ಅನುಮತಿ ಯಾರನ್ನು ಕೇಳುತ್ತಾರೆ ಎಂಬುದನ್ನು ನೋಡಿ. ಅಮೆರಿಕದ ಬೋಧಕಿಗೆ ವಾರಸುದಾರರಿದ್ದರು, ಅವರು ಬೇಡ ಎಂದರು, ಕೆಲಸ ನಿಂತಿತು. ಬೆಟ್ಟದ ಹಳ್ಳಿಯ ಗಾಯಕಿಯ ದನಿಯನ್ನು ಸಂಗೀತ ಸಂಶೋಧಕರು ಮುದ್ರಿಸಿಕೊಳ್ಳುತ್ತಾರೆ, ಲಂಡನ್ನಿನ ಕಂಪನಿ ತಟ್ಟೆ ಹೊರತರುತ್ತದೆ, ಆ ತಟ್ಟೆಯಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಪ್ರತಿ ಹಂತದಲ್ಲೂ ಹಾಡಿದವಳು ಒಂದೊಂದು ಮಾರು ಹಿಂದೆ ಸರಿಯುತ್ತಾಳೆ. ಈ ಸರಪಳಿಯನ್ನು ಬರ್ನ್ ಮತ್ತು ಈನೋ ಶುರುಮಾಡಿದವರಲ್ಲ, ನಿಜ. ಅದರ ಕೊನೆಯ ಕೊಂಡಿ ಅವರು, ಲಾಭ ಸೇರಿದ್ದೂ ಆ ಕೊನೆಗೇ. ‘ದಿ ಕ್ಯಾರಿಯರ್’ ಅದ್ಭುತ ಎನ್ನುವಾಗಲೆಲ್ಲ ನಾವು ಹೊಗಳುತ್ತಿರುವುದು ದುನ್ಯಾ ಯೂನಿಸ್‌ರ ಕಂಠವನ್ನೂ ಹೌದು. ಗೀತರಚನೆಯ ಶ್ರೇಯದಲ್ಲಿರುವುದು ಬರ್ನ್–ಈನೋ ಹೆಸರು. ಈ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಆಲ್ಬಮ್ ಕೇಳುವುದನ್ನು ನಾನು ಬಿಟ್ಟಿಲ್ಲ.

ಸ್ಯಾಂಪ್ಲಿಂಗ್ ಶುರುವಾದದ್ದೇ ಇದರಿಂದಂತೆ, ನಿಜವೇ?

ಅಲ್ಲ. ಪ್ಯಾರಿಸ್ಸಿನಲ್ಲಿ ಪಿಯೆರ್ ಶೆಫರ್ 1948ರಲ್ಲೇ ರೈಲಿನ ಸದ್ದುಗಳಿಂದ ಸಂಗೀತ ಕಟ್ಟಿದ್ದರು. 1965ರಲ್ಲಿ ಸ್ಟೀವ್ ರೈಕ್ ಸ್ಯಾನ್ ಫ್ರಾನ್ಸಿಸ್ಕೋದ ಬೀದಿ ಬೋಧಕನೊಬ್ಬನ ಮಾತನ್ನು ಎರಡು ಟೇಪ್‌ಗಳಲ್ಲಿ ಸುತ್ತಿಸಿದರು. ಜರ್ಮನಿಯ ಹೋಲ್ಗರ್ ಚುಕಾಯ್ 1969ರಲ್ಲಿ ವಿಯೆಟ್ನಾಂ ಗಾಯಕಿಯರ ದನಿಯನ್ನು ಬಳಸಿದರು, 1979ರಲ್ಲಿ ಶಾರ್ಟ್‌ವೇವ್ ರೇಡಿಯೋದಲ್ಲಿ ಹಿಡಿದ ಇರಾನಿ ಗಾಯಕರಿಗೆ ಪಾಪ್ ತಾಳ ಕೂಡಿಸಿದರು. ಬರ್ನ್–ಈನೋ ಮಾಡಿದ್ದು ಈ ಪ್ರಯೋಗಶಾಲೆಯ ಸಂಗತಿಯನ್ನು ಕುಣಿಯುವ ನೆಲಕ್ಕೆ ತಂದದ್ದು. ಅಷ್ಟು ಶ್ರೇಯ ಸಾಕು.

ಟಾಕಿಂಗ್ ಹೆಡ್ಸ್‌ನ ‘ರಿಮೇನ್ ಇನ್ ಲೈಟ್’ಗೂ ಇದಕ್ಕೂ ಏನು ಸಂಬಂಧ?

ಒಡಹುಟ್ಟಿದವು. ‘ಬುಷ್ ಆಫ್ ಘೋಸ್ಟ್ಸ್’ನ ಕೆಲಸ ಶುರುವಾದದ್ದು ಮೊದಲು. ಅದು ಅನುಮತಿಗಳ ಗೋಜಿನಲ್ಲಿ ಸಿಕ್ಕಿಕೊಂಡಿದ್ದಾಗ, 1980ರ ಬೇಸಿಗೆಯಲ್ಲಿ ಬಹಾಮಾಸ್‌ನ ನಾಸೋದಲ್ಲಿರುವ ಕಂಪಾಸ್ ಪಾಯಿಂಟ್ ಸ್ಟುಡಿಯೋದಲ್ಲಿ ತಂಡ ‘ರಿಮೇನ್ ಇನ್ ಲೈಟ್’ಗೆ ಕೈಹಾಕಿತು. ಅಕ್ಟೋಬರಿನಲ್ಲಿ ಅದು ಮೊದಲು ಹೊರಬಂತು. ಹಾಗಾಗಿ ತಮ್ಮನ ಮುಖ ನೋಡಿದ ಮೇಲೆ ಜನ ಅಣ್ಣನನ್ನು ಕಂಡರು, ಇವನು ಅವನ ಹಾಗೇ ಇದ್ದಾನಲ್ಲ ಎಂದರು.

ರೇಡಿಯೋ ಬೋಧಕರನ್ನು ತಿಂಗಳುಗಟ್ಟಲೆ ಕೇಳಿದ್ದು ಬರ್ನ್ ಅವರ ಗಂಟಲಿಗೂ ಇಳಿಯಿತು. ‘ರಿಮೇನ್ ಇನ್ ಲೈಟ್’ನ ‘ಒನ್ಸ್ ಇನ್ ಎ ಲೈಫ್‌ಟೈಮ್’ ಹಾಡಿನ ಚರಣಗಳಲ್ಲಿ ಅವರು ಹಾಡುವುದಿಲ್ಲ, ಪ್ರವಚನ ಮಾಡುತ್ತಾರೆ. ಕೈ ಎತ್ತಿ, ಹಣೆ ಚಚ್ಚಿಕೊಂಡು, ಮನೆ ಹೆಂಡತಿ ಕಾರು ಇವೆಲ್ಲ ಹೇಗೆ ಬಂದವು ಎಂದು ಕಂಗಾಲಾಗಿ ಕೇಳುವ ಮನುಷ್ಯನ ದನಿ ಆ ರೇಡಿಯೋದಿಂದಲೇ ಬಂದದ್ದು. ಒಂದು ಆಲ್ಬಮ್‌ನಲ್ಲಿ ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಿಕ್ಕ ಬಡ್ಡಿ ಅದು.

ಬೆಲೆಯನ್ನೂ ತೆರಬೇಕಾಯಿತು. ಗಾಯಕ ಮತ್ತು ಪ್ರೊಡ್ಯೂಸರ್ ಒಂದಾಗಿ ಉಳಿದವರನ್ನು ಬದಿಗೆ ಸರಿಸುತ್ತಿದ್ದಾರೆ ಎಂಬ ಅಸಮಾಧಾನ ಬಾಸ್ ವಾದಕಿ ಟೀನಾ ವೇಮತ್ ಮತ್ತು ಕ್ರಿಸ್ ಫ್ರಾಂಟ್ಸ್ ದಂಪತಿಗೆ ಇತ್ತು. ‘ರಿಮೇನ್ ಇನ್ ಲೈಟ್’ನ ಹಾಡುಗಳ ಶ್ರೇಯ ಹಂಚುವಾಗಲೂ ಜಗಳವಾಯಿತು. ಆ ತಂಡಕ್ಕೆ ಈನೋ ಮತ್ತೆ ಪ್ರೊಡ್ಯೂಸರ್ ಆಗಲಿಲ್ಲ.

ಕರ್ನಾಟಕಕ್ಕೆ ಏನಾದರೂ ನಂಟಿದೆಯೇ?

ಆಲ್ಬಮ್‌ನಲ್ಲಿ ನೇರವಾಗಿ ಇಲ್ಲ. ಸುತ್ತುದಾರಿಯಲ್ಲಿ ಎರಡು ಇವೆ, ಎರಡೂ ಸ್ವಾರಸ್ಯದವು.

ಒಂದು, ಮೊದಲು ಹೇಳಿದ ಜಾನ್ ಹ್ಯಾಸೆಲ್. ಅವರು ಪಂಡಿತ್ ಪ್ರಾಣನಾಥರಲ್ಲಿ ಹಿಂದುಸ್ತಾನಿ ಗಾಯನ ಕಲಿತವರು, ಗಂಟಲಿನ ಮೀಂಡನ್ನು ಕಹಳೆಯಲ್ಲಿ ಹಿಡಿಯುವುದೇ ಅವರ ಸಾಧನೆ. ಪ್ರಾಣನಾಥರು ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯರು. ಅದೇ ಘರಾಣೆಯ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ವಿದ್ಯೆ ಹರಿದದ್ದು ನಮಗೆಲ್ಲ ಗೊತ್ತು. ನ್ಯೂಯಾರ್ಕಿನ ಆ ಮೂವರ ಹರಟೆಯಲ್ಲಿ ಕಿರಾಣಾದ ಒಂದು ಎಳೆಯೂ ಕೂತಿತ್ತು ಎಂದರೆ ತಪ್ಪಾಗದು.

ಇನ್ನೊಂದು, ಬರ್ನ್ ಅವರದ್ದೇ. 1980ರ ದಶಕದ ಕೊನೆಯಲ್ಲಿ ಅವರು ಲುವಾಕಾ ಬಾಪ್ ಎಂಬ ರೆಕಾರ್ಡ್ ಕಂಪನಿ ಕಟ್ಟಿದರು. ಬ್ರೆಜಿಲ್, ಕ್ಯೂಬಾ ಸಂಗೀತದ ಸಂಕಲನಗಳ ಜೊತೆಗೆ 1992ರಲ್ಲಿ ಆ ಕಂಪನಿ ‘ಡ್ಯಾನ್ಸ್ ರಾಜ ಡ್ಯಾನ್ಸ್’ ಎಂಬ ಹೆಸರಿನಲ್ಲಿ ಸಂಗೀತ ನಿರ್ದೇಶಕ ವಿಜಯಾನಂದ್ ಅವರ ದಕ್ಷಿಣ ಭಾರತೀಯ ಚಿತ್ರಗೀತೆಗಳ ಸಂಕಲನ ಹೊರತಂದಿತು. ಹೌದು, ದ್ವಾರಕೀಶ್ ನಿರ್ದೇಶಿಸಿ, ವಿನೋದ್ ರಾಜ್ ಕುಣಿದ 1987ರ ಅದೇ ‘ಡ್ಯಾನ್ಸ್ ರಾಜ ಡ್ಯಾನ್ಸ್’. ನಮ್ಮಲ್ಲಿ ಆರ್ಕೆಸ್ಟ್ರಾದವರು ನುಡಿಸಿ ನುಡಿಸಿ ಹಳತಾದ ಹಾಡು ನ್ಯೂಯಾರ್ಕಿನ ಅಂಗಡಿಗಳಲ್ಲಿ ಹೊಸ ಸಿಡಿಯಾಗಿ ಕೂತಿತು. ಇಲ್ಲಿ ಹೊದಿಕೆಯ ಮೇಲೆಯೇ ಸಂಗೀತ ನಿರ್ದೇಶಕರ ಹೆಸರಿದೆ ಎಂಬುದನ್ನು ಗಮನಿಸಿ. ಹನ್ನೊಂದು ವರ್ಷಗಳಲ್ಲಿ ಬರ್ನ್ ಅಷ್ಟು ದೂರ ಬಂದಿದ್ದರು. 1999ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ, ಪಶ್ಚಿಮದ್ದಲ್ಲದ ಎಲ್ಲವನ್ನೂ ‘ವರ್ಲ್ಡ್ ಮ್ಯೂಸಿಕ್’ ಎಂಬ ಒಂದೇ ಗೋಣಿಗೆ ತುಂಬುವುದನ್ನು ತಾವು ದ್ವೇಷಿಸುವುದಾಗಿ ಲೇಖನವನ್ನೇ ಬರೆದರು.

ಯಾವ ಮುದ್ರಣ ಕೊಳ್ಳಬೇಕು?

ಕೇಳುವುದಕ್ಕೆ 2006ರದ್ದು. ನಾನ್‌ಸಚ್ ಕಂಪನಿಯ ಆ ಮರುಮುದ್ರಣದಲ್ಲಿ ಧ್ವನಿ ಹೆಚ್ಚು ತಿಳಿಯಾಗಿದೆ, ಏಳು ಹೆಚ್ಚುವರಿ ತುಣುಕುಗಳಿವೆ, ಸಂಗೀತ ಲೇಖಕ ಡೇವಿಡ್ ಟೂಪ್ ಅವರ ಪ್ರಬಂಧ, ಬರ್ನ್ ಅವರ ನೆನಪುಗಳೂ ಇವೆ. ಹೆಚ್ಚುವರಿ ತುಣುಕುಗಳಲ್ಲಿ ಅಲ್ಯೂಮಿನಿಯಂ ಹಾಳೆ ಸಿಕ್ಕಿಸಿ ನುಡಿಸಿದ ಗಿಟಾರ್ ಕೇಳಬಹುದು, ಉಳಿದವು ಅಷ್ಟಕ್ಕಷ್ಟೇ. ‘ಕುರ್‌ಆನ್’ ಬೇಕೆನ್ನುವ ಸಂಗ್ರಾಹಕರು ಆರಂಭದ ಎಲ್‌ಪಿ ಹುಡುಕುತ್ತಾರೆ. ಅದರ ಹೊದಿಕೆಯೂ ಚೆಂದ. ಟಿವಿ ಪರದೆಗೆ ಸಣ್ಣ ಮನುಷ್ಯಾಕಾರಗಳನ್ನು ಅಂಟಿಸಿ, ಕ್ಯಾಮೆರಾವನ್ನು ಅದೇ ಪರದೆಗೆ ತಿರುಗಿಸಿದಾಗ ಮೂಡಿದ ಚಿತ್ರ ಅದು.

ನಾವೇ ರಿಮಿಕ್ಸ್ ಮಾಡಬಹುದು ಎನ್ನುತ್ತಾರಲ್ಲ?

ಎರಡು ತುಣುಕುಗಳಿಗೆ ಮಾತ್ರ. 2006ರಲ್ಲಿ ‘ಹೆಲ್ಪ್ ಮಿ ಸಮ್‌ಬಡಿ’ ಮತ್ತು ‘ಎ ಸೀಕ್ರೆಟ್ ಲೈಫ್’ಗಳ ಬಿಡಿ ಟ್ರ್ಯಾಕ್‌ಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ತಾವು ಎತ್ತಿಕೊಂಡು ಕಟ್ಟಿದ್ದನ್ನು ಇತರರೂ ಎತ್ತಿಕೊಂಡು ಕಟ್ಟಲಿ ಎಂದು.

ಮೊದಲ ಸಲ ಕೇಳುವವರು ಎಲ್ಲಿಂದ ಶುರು ಮಾಡಬೇಕು?

ರಾಕ್, ಫಂಕ್ ಇಷ್ಟವಿದ್ದರೆ ‘ರೆಜಿಮೆಂಟ್’. ಬಾಸ್ ಮತ್ತು ಡ್ರಮ್ ಭದ್ರವಾಗಿ ನೆಲ ಹಿಡಿದಿರುತ್ತವೆ, ಮೇಲೆ ದುನ್ಯಾರ ಕಂಠ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾ ಹೋಗುತ್ತದೆ. ಆಲಾಪ ಕೇಳಿ ಅಭ್ಯಾಸವಿರುವ ನಮ್ಮ ಕಿವಿಗೆ ಇದು ಪಶ್ಚಿಮದ ಕೇಳುಗರಿಗಿಂತ ಬೇಗ ಒಗ್ಗುತ್ತದೆ. ಗಲಾಟೆ ಬೇಡ ಎನ್ನುವವರು ‘ಮೌಂಟನ್ ಆಫ್ ನೀಡಲ್ಸ್’ನಿಂದ ಹಿಂದಕ್ಕೆ ಬರಬಹುದು. ಹೆಡ್‌ಫೋನ್ ಇರಲಿ, ಫೋನಿನ ಸ್ಪೀಕರಿನಲ್ಲಿ ಬಿಸ್ಕತ್ತಿನ ಡಬ್ಬಿ ಕೇಳಿಸುವುದೇ ಇಲ್ಲ. ಇಂಗ್ಲಿಷ್ ಮಾತು ಅರ್ಥವಾಗದಿದ್ದರೆ ಚಿಂತೆಯಿಲ್ಲ, ಬರ್ನ್ ಮತ್ತು ಈನೋ ಅರಬ್ಬಿ ತಿಳಿಯದೆಯೇ ಅರ್ಧ ಆಲ್ಬಮ್ ಮಾಡಿದ್ದಾರೆ.

ವಿಡಿಯೋ ಬೇಕೆನ್ನುವವರಿಗೆ ಬ್ರೂಸ್ ಕಾನರ್ 1981ರಲ್ಲಿ ‘ಅಮೆರಿಕ ಈಸ್ ವೇಟಿಂಗ್’ ಮತ್ತು ‘ಮೀಯಾ ಕಲ್ಪಾ’ಗಳಿಗೆ ಮಾಡಿದ ಕಿರುಚಿತ್ರಗಳಿವೆ. ಹಳೆಯ ಚಿತ್ರಸುರುಳಿಗಳ ತುಂಡುಗಳನ್ನು ಕೂಡಿಸಿ ಸಿನಿಮಾ ಮಾಡುವುದು ಅವರ ಕಸುಬು, ಹಾಗಾಗಿ ಈ ಸಂಗೀತಕ್ಕೆ ಅವರೇ ಸರಿಯಾದ ಜೋಡಿ.

ಇಬ್ಬರೂ ಮತ್ತೆ ಜೊತೆಯಾದರೇ?

ಆದರು, 2008ರಲ್ಲಿ. ಮರುಮುದ್ರಣದ ಮಾತುಕತೆಯ ಹೊತ್ತಿನಲ್ಲಿ ಹಳೆಯ ಸಲಿಗೆ ಚಿಗುರಿತು. ಸಾಹಿತ್ಯವಿಲ್ಲದೆ ಬಿದ್ದಿದ್ದ ತಮ್ಮ ಸಂಗೀತವನ್ನು ಈನೋ ಕಳಿಸಿಕೊಟ್ಟರು, ಬರ್ನ್ ಸಾಹಿತ್ಯ ಬರೆದು ಹಾಡಿ ಹಿಂದಿರುಗಿಸಿದರು. ಒಬ್ಬರು ಲಂಡನ್ನಿನಲ್ಲಿ, ಇನ್ನೊಬ್ಬರು ನ್ಯೂಯಾರ್ಕಿನಲ್ಲಿ. ಬಹುಪಾಲು ಕೆಲಸ ಇ–ಮೇಲ್‌ನಲ್ಲೇ ಮುಗಿಯಿತು. ‘ಎವ್ರಿಥಿಂಗ್ ದಟ್ ಹ್ಯಾಪನ್ಸ್ ವಿಲ್ ಹ್ಯಾಪನ್ ಟುಡೇ’ ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ಆಗಸ್ಟ್ 18ರಂದು ಅಂತರ್ಜಾಲದಲ್ಲಿ ಬಿಡುಗಡೆಯಾಯಿತು. ಅದರ ‘ಸ್ಟ್ರೇಂಜ್ ಓವರ್‌ಟೋನ್ಸ್’ ಅನ್ನು ಅದಕ್ಕೆ ಎರಡು ವಾರ ಮೊದಲೇ ಉಚಿತವಾಗಿ ಕೊಟ್ಟಿದ್ದರು.

ಹಳೆಯ ಕಾಡು, ದೆವ್ವ, ಕೂಗಾಟವನ್ನು ನಿರೀಕ್ಷಿಸಿ ಹೋದವರಿಗೆ ಅದರಲ್ಲಿ ನಿರಾಸೆ ಕಾದಿದೆ. ಚರ್ಚಿನ ಗಾಸ್ಪೆಲ್ ಹಾಡುಗಳ ಗಾಳಿ ಬೀಸಿದ, ಪಲ್ಲವಿ ಚರಣಗಳಿರುವ ಸೌಮ್ಯವಾದ ಹಾಡುಗಳು ಅವು. ಎಲ್ಲವನ್ನೂ ಬರ್ನ್ ತಮ್ಮದೇ ದನಿಯಲ್ಲಿ ಹಾಡಿದ್ದಾರೆ.